ಉಪವಾಸದ ಕೌದಿ

“ಗ್ವಾಡಿಗೆ ತೂಗಹಾಕ್ರಿ, ಚೊಲೋ ಕಾಣತೈತಿ. ಆದ್ರ ಯಾರೂ ಹೊಚ್ಚಿಗೋಬ್ಯಾಡ್ರಿ,” ಎಂದಳು ಮನೆ ಸಿಂಗಾರದ ಸಾಮಾನಿನ ಅಂಗಡಿಯ ಜಿನಮತಿ. “ಇದರ ಹೊಟ್ಟಿ ತುಂಬಿಸಿಲ್ರಿ. ಉಪಾಸ ಐತಿ.”

ಅವಳು ಹೇಳುತ್ತಿದ್ದುದು ಒಂದು ಕೌದಿಯ ಬಗ್ಗೆ. ಹಳೆಯ ಇಳಕಲ್ಲ ಸೀರೆಗಳ ತುಂಡು ಕೂಡಿಸಿ, ಅಂಚಿನಿಂದ ನಡುವಿನ ತನಕ ಚೌಕದೊಳಗೆ ಚೌಕವಾಗಿ ಹೊಲಿಗೆ ಓಡಿಸಿದ ಕೌದಿ. ಮಾಸಿದ ನೀಲಿ, ಮಾಸಿದ ಹಸಿರು. ನಟ್ಟನಡುವೆ ಮಾತ್ರ ಅಂಗೈ ಅಗಲದ ಕೆಂಪು ತೇಪೆ, ನಿನ್ನೆ ಹಚ್ಚಿದಷ್ಟು ಹೊಸದು. ಕೇತಕಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಹೊಸ ಮಂಚದ ಮೇಲೆ ಹೇಗೆ ಕಂಡೀತೆಂದು ಕಣ್ಣಲ್ಲೇ ಅಳೆಯುತ್ತಿದ್ದಳು. ಹೊಟ್ಟೆ, ಉಪವಾಸ ಎಂಬ ಮಾತು ಕಿವಿಗೆ ಬಿದ್ದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

“ಹಂಗಾದ್ರ ಇದು ನನ್ನ ಗೆಳತೀನ ಆತು. ನಾನೂ ತೂಕಾ ಇಳಸ್ಲಿಕ್ಕೆ ಉಪಾಸಾನ ಮಾಡ್ಲಿಕತ್ತೇನಿ. ಇಬ್ರೂ ಕೂಡೇ ಇರ್ತೇವಿ ಬಿಡ್ರಿ.”

ತನ್ನ ಮಾತಿಗೆ ತಾನೇ ಇನ್ನೊಮ್ಮೆ ನಕ್ಕಳು. ಜಿನಮತಿ ನಗಲಿಲ್ಲ. ಅವಳ ಕೈ ಪಕ್ಕದ ಬಟ್ಟಲಿನ ಭಡಂಗಿನತ್ತ ಹೊರಟಿತ್ತು. ಕೇತಕಿ ಅಂಗಡಿಗೆ ಕಾಲಿಟ್ಟಾಗಿನಿಂದ ಆ ಖಾರದ ಚುರಮುರಿಯನ್ನು ಆಕೆ ಬಿಡದೆ ಬಾಯಿಗೆ ಹಾಕಿಕೊಳ್ಳುತ್ತಲೇ ಇದ್ದಳು. ಆ ಕೈ ಈಗ ನಡುದಾರಿಯಲ್ಲಿ ನಿಂತು, ಹಿಂದೆ ಬಂದು ಮಡಿಲಲ್ಲಿ ಬಿತ್ತು. ಜಿನಮತಿ ಕಣ್ಣು ಮುಚ್ಚಿ ಒಂದು ಉದ್ದನೆಯ ಉಸಿರು ಬಿಟ್ಟಳು. ಆಮೇಲೆ ತಾನೇ ಎದ್ದು ಕೌದಿಯನ್ನು ಕಾಗದದಲ್ಲಿ ಸುತ್ತಿದಳು. ಎಂಥ ಸಪೂರ ಹೆಂಗಸು, ಬಳೆಗಳು ಜಾರದಂತೆ ಮೊಳಕೈ ತನಕ ಏರಿಸಿಕೊಂಡಿದ್ದಾಳೆ, ದಿನವಿಡೀ ತಿಂದರೂ ಮೈಗೆ ಹತ್ತುವುದಿಲ್ಲ, ಪುಣ್ಯವಂತೆ ಎಂದು ಕೇತಕಿ ಹೊಟ್ಟೆಕಿಚ್ಚು ಪಟ್ಟಳು. ಕೊಳ್ಳುವವರ ಕಣ್ಣಿಗೆ ಸಾಮಾನು ಕಂಡಷ್ಟು ಮನುಷ್ಯರು ಕಾಣುವುದಿಲ್ಲ.

ಕೇತಕಿ ಪುಣೆಯಲ್ಲಿ ಬೆಳೆದವಳು. ಮನೆಮಾತು ಕನ್ನಡವೇ ಆದರೂ ಆಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಪ್ರಥಮೇಶನನ್ನು ಮದುವೆಯಾಗಿ, ಮಿರಜದ ಅತ್ತೆ-ಮಾವನ ಮನೆಯಲ್ಲಿ ಕೆಲವು ವರ್ಷ ಕಳೆದು, ಈಗ ಸಾಂಗಲಿಯ ವಿಶ್ರಾಮಬಾಗಿನಲ್ಲಿ ಸ್ವಂತ ಫ್ಲ್ಯಾಟಿಗೆ ಬಂದಿದ್ದಳು. ಬಂದಾಗಿನಿಂದ ಅವಳ ಧ್ಯಾನವೆಲ್ಲ ಮನೆ ಸಿಂಗರಿಸುವುದರಲ್ಲಿ. ಬೆತ್ತದ ದೀಪ, ಹಿತ್ತಾಳೆಯ ಉರುಳಿ, ಮಿರಜದ ಸಿತಾರು ಮಾಡುವವರಲ್ಲಿ ಒಗ್ಗದೆ ಉಳಿದ ಒಣ ಸೋರೆಬುರುಡೆಯಲ್ಲಿ ತೂತು ಕೊರೆದು ಮಾಡಿದ ತೂಗುದೀಪ. ಮಲಗುವ ಕೋಣೆಗೆ ಬೆಳಕು ಒಂದೆಳೆಯೂ ಒಳಗೆ ಬಾರದ ದಪ್ಪ ಪರದೆ. ಮಂಚವಂತೂ ಗೋಡೆಯಿಂದ ಗೋಡೆಗೆ. ಅತ್ತೆ ಕುಂದಾ ಅದನ್ನು ನೋಡಿ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತಾರ ಎಂದಿದ್ದರು. ಸೊಸೆ ಕಾಲು ಮಡಿಸುವ ಪೈಕಿಯಲ್ಲ, ಹಾಸಿಗೆಯನ್ನೇ ಹಿಗ್ಗಿಸಿದ್ದಳು.

ಕೌದಿಗೆ ಹೊಟ್ಟೆ ಇರುತ್ತದೆ ಎಂಬುದು ಈ ಕಡೆಯ ಹಳೆಯ ನಂಬಿಕೆ. ಕೌದಿ ಹೊಲಿಯುವ ಹೆಂಗಸರು ಕೊನೆಯ ಹೊಲಿಗೆ ಮುಚ್ಚುವ ಮೊದಲು ಒಳಗೊಂದು ರೊಟ್ಟಿಯ ಚೂರು, ನಾಲ್ಕು ಕಾಳು ಜೋಳ, ಚಿಟಿಕೆ ಅರಿಶಿನ ಇಡುತ್ತಾರೆ. ಮಕ್ಕಳನ್ನು ಬೆಚ್ಚಗಿಡುವವಳು ತಾನೇ ಹಸಿದಿದ್ದರೆ ಹೇಗೆ ಎನ್ನುತ್ತಾರೆ. ಕೇತಕಿಗೆ ಇದು ತಿಳಿದಿರಲಿಲ್ಲವೆಂದಲ್ಲ. ತಿಳಿದಿತ್ತು, ಇರುವೆ ಬರುತ್ತವೆ, ಹುಳ ಬೀಳುತ್ತದೆ, ಇಟ್ಟಿಲ್ಲದಿದ್ದರೆ ಒಳ್ಳೆಯದೇ ಆಯಿತು ಎಂದುಕೊಂಡಿದ್ದಳು.

ಗೋಡೆಗೆ ಹಾಕಲೂ ಇಲ್ಲ. ಮಂಚದ ಕಾಲುದೆಸೆಗೆ ಹರಡಿದಳು, ಹತ್ತು ಕೋನಗಳಿಂದ ಫೋಟೋ ತೆಗೆದಳು. ಮಧ್ಯಾಹ್ನ ಶಾಲೆಯಿಂದ ಬಂದ ಮಗಳು ಪ್ರೇರಣಾ ಮಂಚದ ಮೇಲೆ ಉರುಳಿ ಹಾಗೆಯೇ ನಿದ್ದೆಹೋದಳು. ಎಸಿ ತಣ್ಣಗಿತ್ತು. ಕೇತಕಿ ಕೌದಿಯನ್ನು ಎಳೆದು ಮಗುವಿನ ಗದ್ದದ ತನಕ ಹೊದಿಸಿದಳು. ಕೆಂಪು ತೇಪೆ ಸರಿಯಾಗಿ ಮಗುವಿನ ಹೊಟ್ಟೆಯ ಮೇಲೆ ಬಂತು.

ಎದ್ದಾಗ ಪ್ರೇರಣಾ ಹೇಳಿದ ಮೊದಲ ಮಾತು ಹಸಿವು ಎಂದು. ಅನ್ನ ತಿನ್ನಿಸಲು ಮೊಬೈಲು, ಬಾಲ್ಕನಿ, ಕಾಗೆ ಎಲ್ಲ ಬೇಕಾಗುತ್ತಿದ್ದ ಮಗು ಅಂದು ತಾನೇ ತಾಟು ಹಿಡಿದು ಬಂದು, ಎರಡು ಚಪಾತಿ ತಿಂದು, ಮೂರನೆಯದಕ್ಕೆ ಕೈ ಚಾಚಿತು. ಕೇತಕಿಗೆ ಹಿಗ್ಗೋ ಹಿಗ್ಗು. ಕೋಣೆ ಚೆಂದ ಇದ್ದರೆ ಮಕ್ಕಳಿಗೆ ನಿದ್ದೆಯೂ ಬರುತ್ತದೆ, ಹಸಿವೂ ಆಗುತ್ತದೆ ಎಂದು ಗೆಳತಿಯರಿಗೆಲ್ಲ ಹೇಳಿದಳು. ಮಗುವಿಗೂ ಕೌದಿ ಹತ್ತಿಬಿಟ್ಟಿತು; ಅದಿಲ್ಲದೆ ಮಲಗಲೊಲ್ಲದು.

ಪ್ರೇರಣಾ ತಿನ್ನುತ್ತಲೇ ಹೋದಳು. ಊಟದ ಮೇಲೆ ಬಾಳೆಹಣ್ಣು, ಬಾಳೆಹಣ್ಣಿನ ಮೇಲೆ ಬಿಸ್ಕೀಟು. ಡಬ್ಬಿಯ ತಳ ಕೆರೆಯುವ ಸದ್ದು ಮನೆಯಲ್ಲಿ ನಿಲ್ಲದಾಯಿತು. ತಿನ್ನುವಷ್ಟು ತಿಂದರೂ ಕಾಲಗೆಜ್ಜೆ ಹಿಮ್ಮಡಿ ದಾಟಿ ಕಳಚಿ ಬೀಳತೊಡಗಿತು. ಶಾಲೆಯ ಸ್ಕರ್ಟಿಗೆ ಪಿನ್ನು ಹಾಕಬೇಕಾಯಿತು. ಎತ್ತಿಕೊಂಡರೆ ಮಗು ತೋಳಲ್ಲಿದೆಯೋ ಇಲ್ಲವೋ ಅನ್ನುವಷ್ಟು ಹಗುರ. ಕಣ್ಣು ಮಾತ್ರ ದೊಡ್ಡವಾಗಿ, ಒಲೆಯ ಕಡೆಗೇ ನೆಟ್ಟಿರುತ್ತಿದ್ದವು.

ಮನೆಗೆಲಸದ ಸಪನಾ ಒಂದು ಬೆಳಿಗ್ಗೆ ಕೌದಿಯನ್ನು ಬಿಸಿಲಿಗೆ ಹಾಕಲು ಹೋದವಳು ಬರಿಗೈಯಲ್ಲಿ ಹೊರಗೆ ಬಂದಳು. ಎತ್ತಲು ಬರುತ್ತಿಲ್ಲ ಎಂದಳು. ಕೇತಕಿ ಗದರಿದ್ದಕ್ಕೆ ಮತ್ತೆ ಒಳಗೆ ಹೋಗಿ, ಬಾಗಿ, ಎರಡೂ ಕೈ ಹಾಕಿ ಎಳೆದಳು. ಕೌದಿ ಮಂಚದಿಂದ ನೆಲಕ್ಕೆ ದೊಪ್ಪೆಂದು ಬಿತ್ತು. ಬಟ್ಟೆ ಬಿದ್ದ ಸದ್ದಲ್ಲ ಅದು.

“ಬಾಯಾರ,” ಎಂದಳು ಸಪನಾ, ದನಿ ತಗ್ಗಿಸಿ, “ಇದರಾಗ ಯಾರರ ಮಲಗ್ಯಾರೇನ್ರಿ?”

ಮರುದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ.

ಪ್ರಥಮೇಶ ಕುಪವಾಡದ ಕೈಗಾರಿಕಾ ವಸಾಹತಿನ ಒಂದು ಕಾರಖಾನೆಯಲ್ಲಿ ಪಾಳಿ ನೋಡಿಕೊಳ್ಳುತ್ತಿದ್ದ. ದೇವರು-ದೆವ್ವ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಬಾವಿಗೆ ಹಾಕಿದವನು. ಕಾಲೇಜಿನ ದಿನಗಳಲ್ಲಿ ಗೆಳೆಯರೊಡನೆ ಹಳ್ಳಿಹಳ್ಳಿ ತಿರುಗಿ, ಮೂರು ದಾರಿ ಕೂಡುವಲ್ಲಿ ಜನ ಇಳಿದೆಗೆದು ಇಟ್ಟ ತೆಂಗಿನಕಾಯಿಯನ್ನು ಎಲ್ಲರೆದುರು ಒಡೆದು ತಿಂದು ತೋರಿಸುತ್ತಿದ್ದ. ಯಾರಾದರೂ ಹೆದರಿಕೊಂಡರೆ ಅವರ ಮೇಲೆ ಸಿಟ್ಟಾಗದೆ ನಗುತ್ತಿದ್ದ. ನಕ್ಕರೆ ಹೆದರಿಕೆ ಅರ್ಧ ಇಳಿಯುತ್ತದೆ ಎಂಬುದು ಅವನ ಲೆಕ್ಕ. ಮಗಳನ್ನು ಅವನೇ ಮಿರಜದ ಆಸ್ಪತ್ರೆಗಳಿಗೆ ಹೊತ್ತು ತಿರುಗಿದ. ರಕ್ತ ತೆಗೆದರು, ಹೊಟ್ಟೆಯ ಫೋಟೋ ತೆಗೆದರು, ಹುಳಕ್ಕೆ ಔಷಧ ಕೊಟ್ಟರು. ಎಲ್ಲ ಸರಿಯಾಗಿದೆ ಎಂದರು. ಎಲ್ಲ ಸರಿಯಾಗಿರುವ ಮಗು ಕಾರಿನ ಹಿಂದಿನ ಸೀಟಿನಲ್ಲಿ ಔಷಧದ ರಟ್ಟಿನ ಡಬ್ಬಿಯನ್ನು ಅಗಿಯುತ್ತಿತ್ತು.

ಮೊಮ್ಮಗಳನ್ನು ನೋಡಿಕೊಳ್ಳಲು ಕುಂದಾ ಮಿರಜದಿಂದ ಬಂದಿಳಿದರು. ಬಂದವರು ಮಗುವಿನ ಪಕ್ಕ ಕುಳಿತು, ಸಹಜವೆಂಬಂತೆ ಕೌದಿಯ ಮೇಲೆ ಕೈಯಾಡಿಸಿದರು. ಕೈ ಕೆಂಪು ತೇಪೆಯ ಹತ್ತಿರ ಬಂದು ನಿಂತಿತು. ತೇಪೆಯನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿದರು. ಇದಕ್ಕೆ ಹೊಟ್ಟೆಗೆ ಹಾಕಿದ್ದಾರೋ ಇಲ್ಲವೋ ಎಂದು ಕೇಳಿದರು.

ಆಗ ಕೇತಕಿಗೆ ಅಂಗಡಿಯ ಮಾತು ನೆನಪಾಯಿತು. ಅತ್ತೆಗೆ ಎಲ್ಲವನ್ನೂ ಹೇಳಿದಳು, ತಾನು ನಕ್ಕದ್ದನ್ನೂ ಬಿಡದೆ. ಕುಂದಾ ಬೈಯಲಿಲ್ಲ. ಒಳಗೆ ಹೋಗಿ ಜೋಳದ ಹಿಟ್ಟು ಕಲಸಿದರು.

ಪ್ರಥಮೇಶ ಕೆಲಸಕ್ಕೆ ಹೋಗಿದ್ದ. ಹೊರಗೆ ಸುಡುವ ಮಧ್ಯಾಹ್ನವಿದ್ದರೂ ಪರದೆ ಎಳೆದ ಕೋಣೆ ಕತ್ತಲು. ಮಗು ಮಂಚದ ಮೇಲೆ ಬೇರೆ ಚಾದರ ಹೊದ್ದು ನಡುಗುತ್ತ ಮಲಗಿತ್ತು. ಕೌದಿ ನೆಲದ ಮೇಲೆ ಹರಡಿತ್ತು. ಅತ್ತೆ ಮೊಬೈಲಿನ ಬೆಳಕು ಹಿಡಿದರು; ಸೊಸೆ ಚಿಕ್ಕ ಕತ್ತರಿಯಿಂದ ಕೆಂಪು ತೇಪೆಯ ಒಂದು ಬದಿಯ ಹೊಲಿಗೆ ಬಿಚ್ಚಿದಳು. ಒಳಗಿಂದ ವಾಸನೆ ಬಂತು. ಮುಗ್ಗಿದ ಹಿಟ್ಟು, ಹುಳಿತ ಹಾಲು, ಎಷ್ಟೋ ದಿನ ಊಟ ಮಾಡದವರ ಬಾಯಿಯ ವಾಸನೆ. ಕೇತಕಿ ಮೂಗು ಮುಚ್ಚಿಕೊಂಡು ಬಿಸಿ ರೊಟ್ಟಿಯ ತುಂಡನ್ನು, ಕಾಳನ್ನು, ಅರಿಶಿನವನ್ನು ಒಳಗೆ ತುರುಕಿದಳು. ಕುಂದಾ ಸೂಜಿಗೆ ದಾರ ಪೋಣಿಸಿ ತೇಪೆ ಮುಚ್ಚಿದರು. ಗಂಟು ಹಾಕಿ ದಾರ ಕತ್ತರಿಸಿದರು.

ಆಮೇಲೆ ಸದ್ದು ಕೇಳಿಸಿತು.

ದಾರ ಬಟ್ಟೆಯೊಳಗೆ ಎಳೆದಾಡುವಂಥ ಸಣ್ಣ ಸದ್ದು. ಸರ್ರ್. ಸರ್ರ್. ಅದರ ನಡುವೆ ಒದ್ದೆಯಾದ ಇನ್ನೊಂದು ಸದ್ದು. ಕೆಂಪು ತೇಪೆ ಮೆಲ್ಲಗೆ ಏಳುತ್ತಿತ್ತು, ಬೀಳುತ್ತಿತ್ತು. ಆಮೇಲೆ ಚಪ್ಪಟೆಯಾಯಿತು. ಕುಂದಾ ಮುಟ್ಟಿ ನೋಡಿದರು. ರೊಟ್ಟಿ ಇರಲಿಲ್ಲ. ಹಾಕಿದ ಹೊಲಿಗೆ ಹಾಕಿದ ಹಾಗೇ ಇತ್ತು.

ಕೇತಕಿಗೆ ಏನೆನ್ನಿಸಿತೋ, ಕತ್ತರಿ ಹಾಕಿ ತೇಪೆಯನ್ನು ಮತ್ತೆ ಬಿಚ್ಚಿದಳು. ರೊಟ್ಟಿ ಪಕ್ಕಕ್ಕೆ ಸರಿದಿರಬೇಕು, ಅಷ್ಟೇ. ಹುಡುಕಬೇಕು. ಕೈ ಹಾಕಿದಳು. ಬೆರಳು ಹೋದವು. ಅಂಗೈ ಹೋಯಿತು. ಕೌದಿ ಎಷ್ಟು ದಪ್ಪ? ಒಂದು ಬೆರಳಿನಷ್ಟು. ಕೆಳಗೆ ಗಟ್ಟಿ ನೆಲ. ಮಣಿಕಟ್ಟು ಹೋಯಿತು. ಮೊಳಕೈ ಹೋಯಿತು. ತಳ ಸಿಗಲಿಲ್ಲ. ಒಳಗೆ ಬೆಚ್ಚಗಿತ್ತು. ಒದ್ದೆ ಇತ್ತು. ಏನೋ ಬೆರಳಿಗೆ ತಾಗಿತು. ಮೆತ್ತಗೆ. ಅದು ತೆರೆಯಿತು. ಬೆರಳುಗಳ ಮೇಲೆ ಮುಚ್ಚಿಕೊಂಡಿತು. ಹಲ್ಲಿಲ್ಲ. ಬರೀ ವಸಡು. ಹಸುಗೂಸಿನ ವಸಡು. ಅದು ಚೀಪಿತು. ಕೇತಕಿ ಇನ್ನೊಂದು ಕೈಯನ್ನು ನೆಲಕ್ಕೆ ಒತ್ತಿದಳು. ಎಳೆದಳು. ಅದು ಬಿಡಲಿಲ್ಲ. ಕುಂದಾ ಅವಳ ಸೊಂಟ ಹಿಡಿದು ಎಳೆದರು. ಮಂಚದ ಮೇಲೆ ಪ್ರೇರಣಾ ನಿದ್ದೆಯಲ್ಲೇ ಬಾಯಿ ಚಪ್ಪರಿಸಿದಳು. ಕೈ ಹೊರಬಂತು.

ನಾಲ್ಕು ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು, ಬಹಳ ಹೊತ್ತು ನೀರಲ್ಲಿಟ್ಟ ಹಾಗೆ. ಕುಂದಾ ಗೋಡೆಗೆ ಆತು ಕುಳಿತರು. ಯಾರೋ ಕೌದಿ ಹೊಲಿಯುತ್ತ ಬೇಕೆಂದೇ ಹೊಟ್ಟೆ ಖಾಲಿ ಇಟ್ಟು, ತಾವೂ ಉಪವಾಸವಿದ್ದು, ಹಸಿವನ್ನೇ ಒಳಗೆ ಇಟ್ಟು ಹೊಲಿದಿದ್ದಾರೆ ಎಂದರು. ಹಿಂದೆ ಹೀಗೂ ಮಾಟ ಮಾಡುತ್ತಿದ್ದರು, ಕೇಳಿದ್ದೆ, ಕಂಡಿರಲಿಲ್ಲ ಎಂದರು. ಯಾರು, ಯಾರ ಮೇಲೆ, ಯಾವ ಕಾಲದಲ್ಲಿ, ಈಗ ಯಾರು ಬಲ್ಲರು.

ಮರುದಿನ ಕೇತಕಿ ಕೌದಿಯನ್ನು ಎಳೆದು ಲಿಫ್ಟಿಗೆ ಹಾಕಿ, ಕಾರಿನ ಡಿಕ್ಕಿಗೆ ತುಂಬಿ ಹರಿಪುರಕ್ಕೆ ಹೋದಳು. ಕೃಷ್ಣೆ-ವಾರಣೆ ಕೂಡುವಲ್ಲಿ ಮೆಟ್ಟಿಲ ಮೇಲಿಂದ ನೂಕಿದಳು. ಅದು ಕಲ್ಲಿನಂತೆ ಮುಳುಗಬೇಕಿತ್ತು, ಮುಳುಗಲಿಲ್ಲ. ದಡದ ಕೆಸರಿಗೆ ಒತ್ತಿಕೊಂಡು ನಿಂತಿತು. ಅಷ್ಟರಲ್ಲಿ ಅತ್ತೆಯ ಫೋನು. ಮಗು ತಣ್ಣಗಾಗಿದೆ, ಕಣ್ಣು ಬಿಡುತ್ತಿಲ್ಲ, ಎಲ್ಲಿದ್ದರೂ ತಿರುಗಿ ಬಾ ಎಂದು. ಕೇತಕಿ ಅಳುತ್ತ ಮೊಣಕಾಲುದ್ದ ಕೆಸರಿಗಿಳಿದು ಕೌದಿಯನ್ನು ಅಪ್ಪಿಕೊಂಡು ಮೇಲೆ ತಂದಳು. ಮನೆಗೆ ಬಂದು ನೋಡಿದರೆ ಅದಕ್ಕೊಂದು ಹನಿ ನೀರು ತಾಗಿರಲಿಲ್ಲ. ಹೊದಿಸಿದ ಮೇಲೆ ಪ್ರೇರಣಾ ಕಣ್ಣು ಬಿಟ್ಟು ಊಟ ಕೇಳಿದಳು. ಇದನ್ನು ಮನೆಯಲ್ಲಿಟ್ಟರೂ ಮಗು ಸಾಯುತ್ತದೆ, ಹೊರಗೆ ಎಸೆದರೂ ಸಾಯುತ್ತದೆ ಎಂಬುದು ಕೇತಕಿಗೆ ಅಂದು ಖಾತ್ರಿಯಾಯಿತು.

ಉಳಿದದ್ದು ಜಿನಮತಿಯ ಅಂಗಡಿ.

ಅಂಗಡಿ ಹಾಗೇ ಇತ್ತು. ನಿಂಬೆಹುಲ್ಲಿನ ಎಣ್ಣೆಯ ಪರಿಮಳ, ಸಣ್ಣಗೆ ಹಾಡು, ಕುಶನ್ನುಗಳ ಗುಡ್ಡ. ಜಿನಮತಿಯನ್ನು ಮಾತ್ರ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಗಲ್ಲ ತುಂಬಿತ್ತು. ರವಿಕೆಯ ತೋಳು ಬಿಗಿಯಾಗಿತ್ತು. ಬಳೆಗಳು ಮಣಿಕಟ್ಟಿಗೇ ಇಳಿದಿದ್ದವು. ಅವಳ ಪಕ್ಕದಲ್ಲಿ ಬಟ್ಟಲಿರಲಿಲ್ಲ. ಕೇತಕಿ ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಅರ್ಥ ಮಾಡಿಕೊಂಡಳು. ಆ ಗಲ್ಲದ ಮೇಲಿನ ಮಾಂಸ ಯಾರ ಮನೆಯ ಕೂಸಿನ ಲೆಕ್ಕದಲ್ಲಿ ಬಂದದ್ದೆಂದು ಅವಳಿಗೆ ಗೊತ್ತಿತ್ತು. ಕೂದಲು ಹಿಡಿದು ಎಳೆದಾಡಬೇಕೆನಿಸಿತು. ಅದಕ್ಕಿಂತ ಹೆಚ್ಚಾಗಿ, ಅವಳ ಕಾಲು ಹಿಡಿದು ದಾರಿ ಕೇಳಬೇಕೆನಿಸಿತು.

ಜಿನಮತಿಯೇ ಎದ್ದು ಬಾಗಿಲು ಹಾಕಿದಳು. ತನ್ನ ಕತೆ ಹೇಳಿದಳು. ಜತ್ತದ ಕಡೆ ಹಳೆಯ ಸಾಮಾನು ಹುಡುಕಲು ಹೋದಾಗ ಮುದುಕಿಯೊಬ್ಬಳು ಇದನ್ನು ತೋರಿಸಿ, ಹೊದೆಯಬೇಡ ತಾಯೀ ಎಂದಿದ್ದಳಂತೆ. ತಾನೂ ನಕ್ಕು, ತಂದು ಹೊದ್ದುಕೊಂಡಿದ್ದಳಂತೆ. ಆಮೇಲೆ ತಿಂದದ್ದೇ ತಿಂದದ್ದು. ಒಂದು ದಿನ ಕುಶನ್ನಿನ ಹತ್ತಿಯನ್ನೂ ತಿಂದಳಂತೆ. ಮತ್ತೆ ಆ ಮುದುಕಿಯನ್ನೇ ಹುಡುಕಿಕೊಂಡು ಹೋದಾಗ ಅವಳಿಂದ ದಾರಿ ತಿಳಿಯಿತಂತೆ.

“ಬರೇ ಕೊಟ್ರ ಹೋಗೂದಿಲ್ರಿ,” ಎಂದಳು ಜಿನಮತಿ, ಕೇತಕಿಯ ಮುಖ ನೋಡದೆ. “ಯಾರ ನಕ್ಕು ತೊಗೊಂಡಿರ್ತಾರ, ಅವರ ಕೊಡಬೇಕು. ಇದು ಖರೇ ಅಂತ ಗೊತ್ತಿದ್ದವರು ಖರೇನ ಹೇಳಬೇಕು, ಹೊಚ್ಚಿಗೋಬ್ಯಾಡ, ಇದು ಉಪಾಸ ಐತಿ ಅಂತ. ಕೇಳಿದವರು ನಗಬೇಕು. ನಕ್ಕು ತೊಗೊಂಡ್ರ ನಿಮ್ಮನಿ ಬಿಡತೈತಿ.”

“ನನ್ನ ಕೂಸಿಗೆ ಐದು ವರ್ಷ,” ಎಂದಳು ಕೇತಕಿ.

“ನಾ ಹೇಳಿದ್ದೆನ್ರಿ,” ಎಂದಳು ಜಿನಮತಿ. ಅವಳು ಅಳುತ್ತಿದ್ದಳು. ಆದರೆ ಕೌದಿಯನ್ನು ತಿರುಗಿ ತೆಗೆದುಕೊಳ್ಳುತ್ತೇನೆಂದು ಮಾತ್ರ ಹೇಳಲಿಲ್ಲ. ತೆಗೆದುಕೊಂಡರೂ ಅವಳಿಗೆ ಇನ್ನು ನಗು ಬರುವಂತಿರಲಿಲ್ಲ.

ಕೇತಕಿ ಮನೆಗೆ ಬಂದು ಅತ್ತೆಗೆ ಹೇಳಿದಳು. ಕುಂದಾ ಮೊಮ್ಮಗಳ ಪಾದ ಒತ್ತುತ್ತಿದ್ದರು. ತಲೆ ಎತ್ತದೆ ಒಂದೇ ಮಾತು ಹೇಳಿದರು.

“ಪ್ರಥಮೇಶನ ಮುಂದ ಮಾತ್ರ ಹೇಳಬ್ಯಾಡ. ಅಂವ ನಗತಾನ.”

ಕೇತಕಿ ಆಣೆ ಮಾಡಿದಳು. ಬೇರೆ ಯಾರಾದರೂ ಸಿಕ್ಕೇ ಸಿಗುತ್ತಾರೆ ಎಂದು ನಂಬಿದ್ದಳು. ಇಂಥ ಮಾತಿಗೆ ನಗದವರು ಈ ಕಾಲದಲ್ಲಿ ಯಾರಿದ್ದಾರೆ? ಕೌದಿಯ ಫೋಟೋ ಹಾಕಿ, ಕೊಡುವುದಿದೆ, ಬಂದು ನೋಡಿ ಎಂದು ಮೊಬೈಲಿನ ಗುಂಪುಗಳಲ್ಲೆಲ್ಲ ಬರೆದಳು. ಜನ ಬಂದರು. ಮೇಲಿನ ಮಹಡಿಯ ಹರ್ಷದಾ ಬಂದಳು. ಇಂಗ್ಲಿಷ್ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಕೇತಕಿ ಹೇಳಬೇಕಾದ್ದನ್ನು ಹೇಳಿದಳು. ಹೇಳುವಾಗ ತುಟಿ ನಡುಗಿತು, ಹಣೆಯಲ್ಲಿ ಬೆವರೊಡೆಯಿತು. ಹರ್ಷದಾ ನಗಲಿಲ್ಲ. ಕೈಜೋಡಿಸಿ, ನನಗೂ ಮಕ್ಕಳಿದ್ದಾರೆ ಎಂದು ಮೆಟ್ಟಿಲೇರಿದಳು. ಮಾಧವನಗರದಿಂದ ಬಂದ ಒಬ್ಬಾಕೆ ಮಾತು ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿದಳು. ಇನ್ನೊಬ್ಬಳು ಕೇತಕಿಯನ್ನೇ ಅನುಕಂಪದಿಂದ ನೋಡಿ, ಮನಸ್ಸಿನ ಡಾಕ್ಟರೊಬ್ಬರ ಹೆಸರು ಕೊಟ್ಟು ಹೋದಳು. ನಿಜವಾಗಿ ಹೆದರಿದವರ ಮಾತು ಕೇಳಿ ಯಾರು ನಗುತ್ತಾರೆ? ಅತ್ತ ಪ್ರೇರಣಾ ಎದ್ದು ನಿಲ್ಲುವುದನ್ನೂ ಬಿಟ್ಟಳು. ತಾಟು ಹಿಡಿಯಲು ಕೈಗೆ ಕಸುವಿರಲಿಲ್ಲ; ಬಾಯಿ ಮಾತ್ರ ತೆರೆದೇ ಇರುತ್ತಿತ್ತು.

ಅಂದು ರವಿವಾರ ಮಧ್ಯಾಹ್ನ. ಮಳೆ ಕವಿದು ನಿಂತಿತ್ತು, ಸುರಿದಿರಲಿಲ್ಲ. ಕುಂದಾ ಹೊರಗಿನ ಕೋಣೆಯಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಒರಗಿಸಿಕೊಂಡು, ಕಲಸಿದ ಅನ್ನವನ್ನು ಗುಕ್ಕುಗುಕ್ಕಾಗಿ ಹಾಕುತ್ತಿದ್ದರು. ಎಷ್ಟನೆಯ ಸಲವೋ. ರಾತ್ರಿಯೆಲ್ಲ ಮಗಳನ್ನು ಎದೆಗವಚಿಕೊಂಡು ಎಚ್ಚರವಿದ್ದ ಪ್ರಥಮೇಶ ಮಲಗುವ ಕೋಣೆಗೆ ಬಂದು ಮಂಚದ ಮೇಲೆ ಬಿದ್ದುಕೊಂಡ. ಪರದೆ ಎಳೆದಿತ್ತು. ಹಗಲಿನ ಆ ಕತ್ತಲಲ್ಲಿ ಅವನ ಬಿಳಿ ಬನಿಯನ್ ಮಾತ್ರ ಕಾಣುತ್ತಿತ್ತು. ಥಂಡಿ ಹತ್ತೇದ ಎಂದು ಗೊಣಗಿ, ಕಾಲುದೆಸೆಯ ಕೌದಿಗೆ ಕೈ ಚಾಚಿದ.

ಬಾಗಿಲಲ್ಲಿ ಕೇತಕಿ ನಿಂತಿದ್ದಳು. ಹಿಂದಿನಿಂದ ಮಗುವಿನ ದನಿ ಬರುತ್ತಿತ್ತು. ಇನ್ನೂ, ಇನ್ನೂ ಎಂಬ ಒಂದೇ ಮಾತು, ಉಸಿರಿಗಿಂತ ಸಣ್ಣದು. ಎರಡು ಹೆಜ್ಜೆ ಇಟ್ಟು ಕೌದಿಯನ್ನು ಅವನ ಕೈಯಿಂದ ಕಿತ್ತುಕೊಳ್ಳಬಹುದಿತ್ತು. ಅತ್ತೆಗೆ ಕೊಟ್ಟ ಮಾತು ನೆನಪಿತ್ತು. ಗಂಡನನ್ನು ಅವಳು ಪ್ರೀತಿಸುತ್ತಿದ್ದಳು, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಹೊತ್ತಿನಲ್ಲಿ ಅವಳೊಳಗೆ ತಾಯಿ ಎಂಬ ಒಂದು ಪ್ರಾಣಿ ಮಾತ್ರ ಉಳಿದಿತ್ತು, ಅದಕ್ಕೆ ಬೇರೆ ಯಾರ ಗುರುತೂ ಇರಲಿಲ್ಲ.

“ಹೊಚ್ಚಿಗೋಬ್ಯಾಡ,” ಎಂದಳು. ದನಿ ನಡುಗಲಿಲ್ಲ. “ಅದು ಉಪಾಸ ಅದ. ಅದರ ಹೊಟ್ಟಿ ತುಂಬಿಲ್ಲ. ಪ್ರೇರಣಾನ್ನ ತಿನ್ಲಿಕತ್ತದ್ದು ಅದೇ.”

ಪ್ರಥಮೇಶ ಅವಳನ್ನೇ ನೋಡಿದ. ಅವನ ಕಣ್ಣಲ್ಲಿ ಮೊದಲು ಸುಸ್ತು, ಆಮೇಲೆ ಮರುಕ. ಆಮೇಲೆ, ಎಷ್ಟೋ ವಾರಗಳಿಂದ ನಗದವನು, ನಕ್ಕ. ಹೀಯಾಳಿಸುವ ನಗುವಲ್ಲ ಅದು. ಹೆಂಡತಿಯ ಹೆದರಿಕೆ ಇಳಿಯಲೆಂದೇ ನಕ್ಕ.

“ನಿನಗೂ ಹತ್ತಿತಲ್ಲ ಈ ಹೆದರಿಕಿ, ಹುಚ್ಚೀ. ಬಾ ಇಲ್ಲೆ. ತಿಂದ್ರ ನನ್ನ ತಿನ್ಲಿ ಬಿಡು, ನಾ ಏನ ಸಣ್ಣಾಂವ ಇದ್ದೇನೇನ?”

ಕೌದಿಯನ್ನು ಎಳೆದು ಗದ್ದದ ತನಕ ಹೊದ್ದುಕೊಂಡ. ಅವನ ಕೈಗೆ ಅದು ಹಗುರವಾಗಿ, ತಾನೇ ಬಂದಂತೆ ಬಂತು. ಕೇತಕಿಗೆ ಕೂಗಬೇಕೆನಿಸಿತು. ಬಾಯಿ ತೆರೆದಳು. ಆಗ ಹೊರಗಿನ ಕೋಣೆಯಿಂದ ಮಗಳ ದನಿ ಸ್ಪಷ್ಟವಾಗಿ ಕೇಳಿಸಿತು.

“ಆಜಿ, ಸಾಕು.”

ಕೇತಕಿ ತೆರೆದ ಬಾಯಿ ಮುಚ್ಚಿದಳು. ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಗೆ ಬಂದಳು. ಪ್ರೇರಣಾ ಅಜ್ಜಿಯ ಕೈಯನ್ನು ಪಕ್ಕಕ್ಕೆ ಸರಿಸಿ, ತೇಗಿ, ಕಣ್ಣು ಮುಚ್ಚಿ ನಿದ್ದೆಹೋಗಿದ್ದಳು. ಕುಂದಾ ಆನಂದಕ್ಕೆ ಅಳುತ್ತ ತಲೆ ಎತ್ತಿದವರು ಸೊಸೆಯ ಮುಖ ನೋಡಿದರು. ಆಮೇಲೆ ಮುಚ್ಚಿದ ಬಾಗಿಲು ನೋಡಿದರು. ಅವರ ಕೈಯಲ್ಲಿನ ತುತ್ತು ಹಾಗೇ ಉಳಿಯಿತು.

“ಅವಗ ಹೇಳಿದೇನ?”

“ಹೇಳಿದೆ.”

“ನಕ್ಕನೇನ?”

ಕೇತಕಿ ನೆಲದ ಮೇಲೆ ಕುಳಿತು ಮಗಳ ಪಾದವನ್ನು ಕೈಯಲ್ಲಿ ಹಿಡಿದಳು. ಪಾದ ಬೆಚ್ಚಗಿತ್ತು. ಇರಲಿ, ಇನ್ನೂ ದಾರಿಯಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಅವನೂ ಯಾರಿಗಾದರೂ ಕೊಡಬಹುದು. ಖರೇ ಅಂತ ಗೊತ್ತಿದ್ದವರು ಖರೇನೇ ಹೇಳಿದರೆ ಸಾಕು. ಅವಳ ಯೋಚನೆ ಅಲ್ಲಿಗೇ ನಿಂತಿತು. ಪ್ರಥಮೇಶ ಇದನ್ನು ಯಾವತ್ತೂ ನಂಬುವುದಿಲ್ಲ. ಮೂಳೆ ಚಕ್ಕಳವಾದರೂ ನಂಬುವುದಿಲ್ಲ. ಡಾಕ್ಟರನ್ನು ಬದಲಿಸುತ್ತಾನೆ, ಹೆಂಡತಿಯ ತಲೆ ನೇವರಿಸುತ್ತಾನೆ, ನಗುತ್ತಾನೆ. ನಂಬದವನು ಇನ್ನೊಬ್ಬರಿಗೆ ಎಚ್ಚರಿಕೆ ಹೇಳಲಾರ. ಅವಳ ಮಾತಿಗಂತೂ ಇನ್ನು ಬಲವಿಲ್ಲ. ಕೌದಿ ಈಗ ನಕ್ಕವನದು. ಅದು ಮುಂದೆ ಯಾರ ಮನೆಗೂ ಹೋಗುವುದಿಲ್ಲ.

ಹೊರಗೆ ಮಳೆ ಶುರುವಾಯಿತು. ಸಂಜೆ ಕೋಣೆಯ ಬಾಗಿಲು ತೆರೆಯಿತು. ಬರಿಗಾಲ ಸದ್ದು ಅವರನ್ನು ದಾಟಿ ನೇರವಾಗಿ ಅಡುಗೆಮನೆಗೆ ಹೋಯಿತು. ಒಂದು ಡಬ್ಬಿಯ ಮುಚ್ಚಳ ತೆಗೆದ ಸದ್ದು. ಇನ್ನೊಂದು. ಮತ್ತೊಂದು.

“ಕೇತಕಿ,” ಎಂದು ಕೂಗಿದ ಪ್ರಥಮೇಶ ಒಳಗಿಂದ, ಏನೋ ತಮಾಷೆಯೆಂಬಂತೆ, “ತಿನ್ಲಿಕ್ಕೆ ಏನರ ಅದ ಏನ? ಭಾಳ ಹಸಿವ್ಯಾಗೇದ ನೋಡು.”

ಕುಂದಾ ಮೊಮ್ಮಗಳನ್ನು ಸೊಸೆಯ ಮಡಿಲಲ್ಲಿ ಹಾಕಿ, ಗೋಡೆ ಹಿಡಿದು ಎದ್ದರು. ಅವಳತ್ತ ನೋಡಲಿಲ್ಲ. ಅಡುಗೆಮನೆಗೆ ಹೋಗಿ ದೀಪ ಹಾಕಿ, ಮಗನನ್ನು ಪಕ್ಕಕ್ಕೆ ಕೂಡಿಸಿ, ಜೋಳದ ಹಿಟ್ಟಿನ ಡಬ್ಬಿಯನ್ನು ಕೆಳಗಿಳಿಸಿದರು. ಸ್ವಲ್ಪ ಹೊತ್ತಿನಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳತೊಡಗಿತು. ಮೊದಲ ರೊಟ್ಟಿ ಹಂಚಿನಿಂದ ತಾಟಿಗೆ ಬಿತ್ತು. ಎರಡನೆಯದೂ ಬಿತ್ತು. ಅವ್ವ, ಇನ್ನೊಂದು ಹಾಕು ಎಂದ ಪ್ರಥಮೇಶ.